ಆರಾಮ ಅನ್ನಬಾರದ ಓಣಿ

ಡಾಕ್ಟರು ಕೇಳಿದ್ದು ಮಂಗಲಳನ್ನು. ಉತ್ತರ ಕೊಟ್ಟದ್ದು ಹೊಳೆವ್ವ.

"ಎದೆನೋವು ಎಷ್ಟು ದಿನದಿಂದ ಇದೆ?" ಎಂದು ಡಾಕ್ಟರು ಕೇಳಿದಾಗ ಮಂಗಲ ಮೂಗಿನ ಮೇಲಿನ ಆಮ್ಲಜನಕದ ಮುಸುಕಿನೊಳಗಿಂದ ಏನೋ ಹೇಳಹೊರಟಿದ್ದಳು. ಅಷ್ಟರಲ್ಲಿ ಪಕ್ಕದಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದ ಹೊಳೆವ್ವ ಬಾಯಿ ಹಾಕಿದಳು. "ಏನ್ ಹೇಳ್ಲಿರಿ ಸಾಹೇಬ್ರ, ಹನ್ನೆರಡ ವರ್ಷ ಆತ್ರಿ. ಒಂದ ದಿನ ಬಾಯಿ ಬಿಟ್ಟ ಹೇಳಿದಾಕಿ ಅಲ್ಲ ನಮ್ಮ ಮಂಗಲವ್ವ!" ಎಂದು ಕಣ್ಣೊರೆಸಿಕೊಂಡಳು. ಬಾಯಿ ಬಿಟ್ಟು ಹೇಳದ ನೋವು ಇವಳಿಗೆ ಹೇಗೆ ಗೊತ್ತಾಯಿತೆಂದು ಡಾಕ್ಟರು ಕೇಳಲಿಲ್ಲ. ಹನ್ನೆರಡು ವರ್ಷ ಎಂದು ಬರೆದುಕೊಂಡರು.

ಹೊಳೆವ್ವ ಬೋರಗಾಂವದಲ್ಲಿ ಮಂಗಲಳ ಗಂಡ ಉತ್ತಮ ಮಗದುಮ್ಮನ ಹಿತ್ತಲಿಗೆ ಹೊಂದಿದ ಮನೆಯವಳು. ಮಂಗಲ ಅಡಿಗೆಮನೆಯಲ್ಲಿ ಕುಸಿದು ಬಿದ್ದಾಗ ಉತ್ತಮ ತನ್ನ ಮಗ್ಗಗಳ ಗದ್ದಲದಲ್ಲಿ ಏನೂ ಕೇಳಿಸದೆ ಕುಳಿತಿದ್ದ. ಕುರಿಗಳನ್ನು ಬೀದಿಗೆ ಬಿಟ್ಟು ಓಡಿ ಬಂದು, ಗಾಡಿ ನಿಲ್ಲಿಸಿ, ಮಂಗಲಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಿಪ್ಪಾಣಿಯ ಆಸ್ಪತ್ರೆ ಮುಟ್ಟಿಸಿದವಳು ಹೊಳೆವ್ವ. ಅವಳು ಬಾರದಿದ್ದರೆ ಮಂಗಲ ಉಳಿಯುತ್ತಿರಲಿಲ್ಲ. ಹೀಗಾಗಿ ಮುಂದಿನ ಅನಾಹುತಕ್ಕೆಲ್ಲ ಅವಳನ್ನು ಬೈಯುವ ದಾರಿಯೂ ಉತ್ತಮನಿಗೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಕೂರುವ ಸೋನಾಲಿ ಅವನನ್ನು ಕರೆದಳು.

"ಕಾಕಾ, ನಿಮ್ಮ ಕ್ಯಾಶ್‌ಲೆಸ್ ನಿಂತೈತ್ರಿ."

"ನಿಂತೈತಿ ಅಂದ್ರ?"

"ಪಾಲಿಸಿ ತಗೊಂಡ ಎರಡ ವರ್ಷ ಆಗೈತಿ. ಕೇಸ್ ಪೇಪರದಾಗ ಎದಿನೋವು ಹನ್ನೆರಡ ವರ್ಷದ್ದು ಅಂತ ಐತಿ. ರೋಗ ಮುಚ್ಚಿಟ್ಟ ಪಾಲಿಸಿ ಮಾಡಿಸ್ಯಾರ ಅಂತ ಕಂಪನಿಯವರಿಗೆ ಸಂಶೆ ಬಂದೈತಿ. ಇವತ್ತ ಅವರ ಕಡಿಯಿಂದ ಒಬ್ಬರು ಚೌಕಶಿಗೆ ಬರಾಕತ್ತಾರ. ಅವರು ಹೂಂ ಅಂದ್ರ ಕಂಪನಿ ಕೊಡತೈತಿ. ಇಲ್ಲಂದ್ರ ಸಂಜಿ ಒಳಗ ನೀವ ಕಟ್ಟಬೇಕಾಗತೈತ್ರಿ."

ಮಂಗಲಳ ಹೃದಯದ ನಾಳದಲ್ಲಿ ಎರಡು ಕಡೆ ತಡೆ ಇತ್ತು. ನಾಳೆ ಬೆಳಿಗ್ಗೆ ಸ್ಟೆಂಟ್ ಹಾಕುವುದೆಂದು ಗೊತ್ತಾಗಿತ್ತು, ಅದು ಆಗಲೇಬೇಕಿತ್ತು. ಕಂಪನಿ ಕೈಬಿಟ್ಟರೆ ಈ ವರ್ಷ ಕೂಡಿಸಿದ ಎರಡು ಹೊಸ ಮಗ್ಗಗಳನ್ನು ಮಾರದೆ ಬೇರೆ ಗತಿಯಿಲ್ಲ. ಸುದ್ದಿ ತಿಳಿದ, ಹಳೆಯ ಮಗ್ಗ ಕೊಳ್ಳುವ ಇಚಲಕರಂಜಿಯ ದಲಾಲನೊಬ್ಬ ನಿನ್ನೆಯೇ ಫೋನು ಮಾಡಿ ಮೊದಲು ಮಂಗಲ ವೈನಿಯವರ ತಬ್ಯೇತು ವಿಚಾರಿಸಿದ್ದ, ಆಮೇಲೆ ಮಗ್ಗಗಳ ತಬ್ಯೇತು ವಿಚಾರಿಸಿದ್ದ.

"ಹೊಳೆವ್ವಕ್ಕಾ, ಹನ್ನೆರಡ ವರ್ಷ ಅಂತ ಯಾಕ ಹೇಳಿದಿ? ನೋವು ಬಂದು ಎಂಟ ದಿನ ಸುದ್ದಾ ಆಗಿಲ್ಲ!" ಎಂದು ಉತ್ತಮ ವಾರ್ಡಿನ ಹೊರಗೆ ಕೂತಿದ್ದ ಹೊಳೆವ್ವನನ್ನು ಕೇಳಿದ.

"ಮತ್ತ? ಮಂಗಲವ್ವ ಲಗ್ನ ಆಗಿ ನಮ್ಮ ಓಣಿಗಿ ಬಂದ ದಿನದಿಂದ ಎದಿ ಹಿಡದೈತಿ ಅಂತ ಹೇಳಾಕತ್ತಾಳಲ್ಲೋ ತಮ್ಮಾ."

ಇದು ಸುಳ್ಳಲ್ಲ. ಹಾಗೆಂದು ನಿಜವೂ ಅಲ್ಲ. ಇದನ್ನು ತಿಳಿಯಬೇಕಾದರೆ ಆ ಓಣಿಯ ರೀತಿ ತಿಳಿದಿರಬೇಕು.

ಆ ಓಣಿಯಲ್ಲಿ ಯಾರೂ ಆರಾಮ ಇರುವುದಿಲ್ಲ. ಇದ್ದರೂ ಹಾಗೆಂದು ಹೇಳುವುದಿಲ್ಲ. ಹೇಳಿದರೆ ದೃಷ್ಟಿ ತಾಗುತ್ತದೆ. "ಹೆಂಗದೀರಿ?" ಎಂದು ಯಾರಾದರೂ ಕೇಳಿದರೆ ಮೊದಲು ಒಂದು ನಿಟ್ಟುಸಿರು ಬಿಡಬೇಕು, ಆಮೇಲೆ ಒಂದು ನೋವು ಹೇಳಬೇಕು. ಹಿಟ್ಟಿನ ಗಿರಣಿಯ ಭೀಮಗೊಂಡ ಜೋಳದ ಚೀಲವನ್ನು ಹೆಗಲಿಗೆ ಎಸೆದುಕೊಂಡು ನಡೆಯುತ್ತಲೇ "ಸೊಂಟ ಹೋಗೇತ್ರಿ" ಎನ್ನುತ್ತಾನೆ. ಕಬ್ಬಿನ ಗದ್ದೆಯ ಬದುವನ್ನು ಒಂದೇ ನೆಗೆತಕ್ಕೆ ದಾಟುವ ಬಾಳಾಸಾಬ ಕಾಕಾನ ಮೊಳಕಾಲು ಮೂವತ್ತು ವರ್ಷದಿಂದ ಹೋಗಿವೆ. ಮಂಗಲ ಹೊಸ ಸೊಸೆಯಾಗಿ ಬಂದಾಗ ಸೊಂಟ, ಮೊಳಕಾಲು, ತಲೆ ಎಲ್ಲವನ್ನೂ ಹಿರಿಯರು ಆಗಲೇ ಹಿಡಿದುಕೊಂಡಿದ್ದರು. ಉಳಿದದ್ದು ಎದೆ ಒಂದೇ. ಅಂದಿನಿಂದ ಅವಳು ಬಾವಿಯ ಹಗ್ಗ ಜಗ್ಗುವಾಗಲೂ, ಹಬ್ಬಕ್ಕೆ ರಾಶಿ ಹೋಳಿಗೆ ಬೇಯಿಸುವಾಗಲೂ ಕೇಳಿದವರಿಗೆ "ಎದಿ ಹಿಡದೈತ್ರಿ" ಎಂದು ಮರ್ಯಾದೆಯಿಂದ ಹೇಳುತ್ತ ಬಂದಿದ್ದಳು. ಈಗ ನಿಜವಾಗಿ ಹಿಡಿದಿತ್ತು.

ಉತ್ತಮ ಭೀಮಗೊಂಡನಿಗೆ ಫೋನು ಹಚ್ಚಿದ. ಓಣಿಯವರು ಯಾರೂ ಮಾತಾಡಿಸಲು ಬರಬಾರದು, ಬಂದರೆ ಕೆಲಸ ಕೆಡುತ್ತದೆ ಎಂದು ಹೇಳಬೇಕಾಗಿತ್ತು.

"ನಾವು ಎಲ್ಲಾರೂ ಟಂಟಂದಾಗ ಹೊಂಟೇವಿ" ಎಂದ ಭೀಮಗೊಂಡ. "ನಿಪ್ಪಾಣಿ ಬಂದ ಬಿಟ್ಟೈತಿ. ನೀ ಕಾಳಜಿ ಮಾಡಬ್ಯಾಡ. ನಿನಗ ಊಟಾನೂ ತಂದೇವಿ, ಹೊತ್ತು ಮುಳಗೂದರಾಗ ಉಣ್ಣಾಂವ ನೀ."

ಸ್ವಲ್ಪ ಹೊತ್ತಿಗೇ ಟಂಟಂ ಗೇಟಿನ ಮುಂದೆ ನಿಂತಿತು. ನಾಲ್ಕು ಜನ ಕೂರುವ ಆ ಗಾಡಿಯಿಂದ ಜನ ಇಳಿಯುತ್ತಲೇ ಇದ್ದರು. ಬಿಸ್ಕೀಟು, ಬಾಳೆಹಣ್ಣು, ಪೇಢೆ, ಜಿನಮಂದಿರದ ಗಂಧೋದಕದ ಬಾಟಲಿ, ಎಲ್ಲಕ್ಕೂ ಮೊದಲು ಅವರ ನಿಟ್ಟುಸಿರು ಇಳಿದವು. "ಹನ್ನೆರಡ ವರ್ಷ ನೋವು ನುಂಗಿದ ಹೆಣ್ಣಮಗಳೋ ಉತ್ತಮಾ!" ಎಂದು ಬಾಳಾಸಾಬ ಕಾಕಾ ಗೇಟಿನಲ್ಲೇ ಸುರುಮಾಡಿದರು. ಉತ್ತಮ ಅವರ ಬಾಯಿ ಮುಚ್ಚಲು ಹೋಗಿ ಕೈಗೆ ಸಿಕ್ಕ ಪೇಢೆಯನ್ನು ಅವರ ಬಾಯಿಗೆ ತುರುಕಿದ. ಎಲ್ಲರನ್ನೂ ಎದುರಿನ ಔಷಧಿ ಅಂಗಡಿಯ ಪಕ್ಕದ ನೆರಳಿಗೆ ಎಳೆದೊಯ್ದು ಕೈಮುಗಿದು ವಿಷಯವೆಲ್ಲ ಹೇಳಿದ.

"ಸುಳ್ಳ ಹೇಳ್ರಿ ಅಂತ ಕೇಳಾಕತ್ತಿಲ್ರಿ. ಇದ್ದದ್ದ ಹೇಳ್ರಿ. ಮಂಗಲ ಮೊದಲ ಆರಾಮ ಇದ್ಲು ಅಂತ ಇಷ್ಟ ಅನ್ರಿ, ಸಾಕು."

ಅವರ ಮುಖ ನೋಡಿದರೆ ಉತ್ತಮ ಕಳ್ಳತನಕ್ಕೆ ಕರೆಯುತ್ತಿದ್ದಾನೆ ಎಂದು ಯಾರಾದರೂ ತಿಳಿಯಬೇಕು.

"ದವಾಖಾನ್ಯಾಗ ಮಲಗಿದಾಕಿನ್ನ ಆರಾಮ ಅನ್ನೂದೇನ?" ಎಂದಳು ಹೊಳೆವ್ವ. "ನನ್ನ ನಾಲಿಗಿಯಿಂದ ಆ ಮಾತು ಬರೂದಿಲ್ಲ ತಮ್ಮಾ. ಹೆಚ್ಚುಕಮ್ಮಿ ಆದ್ರ ನನ್ನ ದೃಷ್ಟಿನ ತಾಗಿತು ಅಂತೀರಿ ನಾಳೆ."

"ಆರಾಮ ಅನ್ನಲಿಲ್ಲಂದ್ರ ನನ್ನ ಮಗ್ಗ ಹೋಗ್ತಾವಕ್ಕಾ!"

"ಮಗ್ಗ ಹೋದ್ರ ಬರ್ತಾವು. ಮಂಗಲವ್ವ ಹೋದ್ರ?"

ಅವಳ ಮಾತಿನಲ್ಲಿ ತಪ್ಪು ಇರಲಿಲ್ಲ. ರಾತ್ರಿಯೆಲ್ಲ ಮಂಗಲಳ ಹಾಸಿಗೆಯ ಪಕ್ಕ ಕೂತು ಉತ್ತಮನೂ ಅದನ್ನೇ ಯೋಚಿಸಿದ್ದ. ಅವಳಿಲ್ಲದ ಮನೆಯ ಕಲ್ಪನೆ ಬಂದಾಗಲೆಲ್ಲ ಎದ್ದು ಹೋಗಿ ನೀರು ಕುಡಿದು ಬಂದಿದ್ದ. ಆದರೆ ಅವಳು ಮನೆಗೆ ಬಂದಮೇಲೆ ಇಬ್ಬರೂ ಉಣ್ಣುವುದಕ್ಕೆ ಮಗ್ಗಗಳೂ ಬೇಕಿತ್ತು.

ಕೊನೆಗೆ ದಾರಿ ಹುಡುಕಿದವನು ಭೀಮಗೊಂಡ. ಗಿರಣಿಗೆ ಬರುವ ನೂರಾರು ಜನರ ಜಗಳ ಬಿಡಿಸಿ ಅವನಿಗೆ ರೂಢಿಯಿತ್ತು. "ಎಲ್ಲಾರೂ ಮುಷ್ಟ್ಯಾಗ ಒಂದಿಷ್ಟ ಉಪ್ಪು ಹಿಡಕೋರಿ. ಆರಾಮ ಇದ್ಲು ಅನ್ನೂದು, ಕೂಡ್ಲೆ ಮನಸ್ಸಿನ್ಯಾಗ ದೃಷ್ಟಿ ತಗದ ಬಿಡೂದು. ಕಂಪನಿಗೂ ಹೇಳಿದಂಗಾತು, ಮಂಗಲ ವೈನಿಗೂ ಏನೂ ಆಗೂದಿಲ್ಲ."

ಇದು ಎಲ್ಲರಿಗೂ ಒಪ್ಪಿಗೆಯಾಯಿತು. ಎದುರಿನ ಹೋಟೆಲಿನಿಂದ ಉಪ್ಪು ಬಂತು. ನೆರಳಿನಲ್ಲೇ ಅಭ್ಯಾಸವೂ ಆಯಿತು. "ಆರಾಮ" ಎನ್ನುವ ಶಬ್ದಕ್ಕೆ ಬಂದಾಗ ಎಲ್ಲರ ನಾಲಿಗೆಯೂ ಕಲ್ಲು ಎಡವಿದ ಎತ್ತಿನ ಹಾಗೆ ನಿಲ್ಲುತ್ತಿತ್ತು. ಹಿಂದಿನಿಂದ ಭೀಮಗೊಂಡ "ಹೂಂ, ಮುಂದ ಹೋಗ್ರಿ" ಎಂದು ಹುರಿದುಂಬಿಸುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಕಂಪನಿಯವನು ಬಂದ. ಮೈಸೂರಿನ ಕಡೆಯ ತರುಣ, ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಡಾಕ್ಟರನ್ನು ಕಂಡ, ಹಳೆಯ ಚೀಟಿಗಳನ್ನು ಕೇಳಿದ. ಮಂಗಲಳಿಗೆ ಹಳೆಯ ಚೀಟಿಗಳೇ ಇರಲಿಲ್ಲ. ಆಮೇಲೆ ವಾರ್ಡಿನ ಹೊರಗೆ ಸಾಲಾಗಿ ನಿಂತಿದ್ದ ಓಣಿಯವರ ಕಡೆ ತಿರುಗಿ, "ನೀವೆಲ್ಲ ಅಕ್ಕಪಕ್ಕದವರಾ? ಒಳ್ಳೇದಾಯ್ತು" ಎಂದು ಬಾಳಾಸಾಬ ಕಾಕಾನ ಕೈ ಕುಲುಕಿದ. ಅವನ ಅಂಗೈಗೆ ಉಪ್ಪು ಅಂಟಿತು. ಅದನ್ನು ಒಂದು ಕ್ಷಣ ನೋಡಿ ಕರವಸ್ತ್ರದಿಂದ ಒರೆಸಿಕೊಂಡ.

"ಯಜಮಾನರೇ, ಮಂಗಲ ಅವರ ಆರೋಗ್ಯ ಮೊದಲು ಹೇಗಿತ್ತು?"

ಬಾಳಾಸಾಬ ಕಾಕಾ ಕಣ್ಣು ಮುಚ್ಚಿದರು. "ಆ... ರಾಮ ಇದ್ಲರಿ." ಹೇಳಿ ಮುಗಿಸಿದ ಸಂತೋಷಕ್ಕೆ ಅವರಿಗೆ ಹುಮ್ಮಸ್ಸು ಬಂದುಬಿಟ್ಟಿತು. "ಎಷ್ಟ ಆರಾಮ ಅಂದ್ರ, ಜ್ವರ ಅಂದ್ರ ಏನಂತ ಗೊತ್ತಿದ್ದಿಲ್ರಿ. ಒಂದ ಕೈಯಾಗ ಜ್ವಾಳದ ಚೀಲ ಎತ್ತತಿದ್ಲು. ಪೈಲವಾನರು ಸುದ್ದಾ ಆಕೀನ್ನ ಕಂಡ ದಾರಿ ಬಿಡತಿದ್ರು!"

ಉತ್ತಮ ಹಿಂದಿನಿಂದ ಅವರ ಅಂಗಿ ಜಗ್ಗಿದ. ತಪಾಸಣೆಯವನು ವಾರ್ಡಿನ ಗಾಜಿನೊಳಗಿಂದ ಹಾಸಿಗೆಯಲ್ಲಿ ಬೆಳ್ಳಗೆ ಮಲಗಿದ್ದ ಸಣಕಲು ಮಂಗಲಳನ್ನು ನೋಡಿದ, ಮತ್ತೆ ಕಾಕಾನನ್ನು ನೋಡಿದ.

"ಅಷ್ಟು ಗಟ್ಟಿ ಇದ್ರಾ?"

"ಕಾಕಾನ ಮಾತಿನ್ಯಾಗ ಅರ್ಧ ತಗೋರಿ ಸಾಹೇಬ್ರ" ಎಂದು ಭೀಮಗೊಂಡ ಮುಂದೆ ಬಂದ. "ಎರಡೂ ಕೈಲಿಂದ ಎತ್ತತಿದ್ರು. ಅಷ್ಟ."

ತರುಣ ನಕ್ಕ. ನಕ್ಕದ್ದು ನೋಡಿ ಉತ್ತಮನಿಗೆ ಜೀವ ಬಂದಂತಾಯಿತು. ಆದರೆ ಮುಂದಿನ ಪ್ರಶ್ನೆ ಹೊಳೆವ್ವನಿಗಿತ್ತು.

"ಅಮ್ಮ, ನಿನ್ನೆ ಡಾಕ್ಟರಿಗೆ ಹನ್ನೆರಡು ವರ್ಷದಿಂದ ನೋವು ಅಂತ ಹೇಳಿದ್ದು ನೀವೇ ತಾನೆ?"

ಹೊಳೆವ್ವ ಉತ್ತಮನ ಮುಖ ನೋಡಿದಳು. ಗಾಜಿನಾಚೆ ಮಲಗಿದ್ದ ಮಂಗಲಳನ್ನೂ ನೋಡಿದಳು. ಮುಷ್ಟಿಯ ಉಪ್ಪನ್ನು ಬಿಗಿಹಿಡಿದಳು.

"ಹೌದ್ರಿ. ಅದು ನಂದರಿ."

"ಏನು ನಿಮ್ಮದು?"

"ಎದಿನೋವು. ಡಾಕ್ಟರ್ ನನ್ನ ಕಡಿ ನೋಡಿ ಕೇಳಿದ್ರು. ನಾ ನಂದು ಹೇಳಿದ್ನಿ. ದವಾಖಾನಿಗಿ ಬಂದ ಮ್ಯಾಲ ನಮ್ಮದೂ ಒಂದೀಟ ಹೇಳ್ಕೊಂಡ ಹೋಗೂದು ಅಂತ."

"ಅಲ್ಲಮ್ಮಾ, ಹಾಸಿಗೆ ಮೇಲೆ ಮಲಗಿರೋರದು ಬಿಟ್ಟು ನಿಂತಿರೋರದನ್ನ ಯಾರಾದ್ರೂ ಕೇಳ್ತಾರಾ?"

"ನಾವೇನ ಸಾಲಿ ಕಲ್ತೇವೇನ್ರಿ? ಕೇಳಿದ್ದಕ್ಕ ಹೇಳೂದು. ಮಂಗಲವ್ವ ಆರಾಮ ಇದ್ಲು. ಗುಂಡಕಲ್ಲಿನಂಗ ಇದ್ಲು." ಇಷ್ಟು ಹೇಳಿದ್ದೇ ಹೊಳೆವ್ವ ಹತ್ತೂ ಬೆರಳುಗಳನ್ನು ತನ್ನ ಕಪಾಳಕ್ಕೆ ಒತ್ತಿ ಪಟಪಟನೆ ಲಟಿಕೆ ಮುರಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ತಪಾಸಣೆಯವನು ಅದನ್ನು ಎದೆನೋವಿನ ಕಣ್ಣೀರು ಎಂದೇ ತಿಳಿದ. "ನೀವೂ ಒಂದ್ಸಲ ತೋರಿಸಿಕೊಳ್ಳಿ ಅಮ್ಮ" ಎಂದು ಮೃದುವಾಗಿ ಹೇಳಿ ಬರೆದುಕೊಂಡ. ಉತ್ತಮನಿಗೆ ಆ ಕ್ಷಣ ಹೊಳೆವ್ವನ ಕಾಲಿಗೆ ಬೀಳಬೇಕೆನಿಸಿತು. ಒಡಹುಟ್ಟಿದವರೂ ಮಾಡದ್ದನ್ನು ಈ ಹೆಂಗಸು ಮಾಡಿದ್ದಳು.

ಮಂಗಲಳನ್ನೂ ಎರಡು ಮಾತು ಕೇಳಿದ್ದಾಯಿತು. "ಮೊದಲ ಏನೂ ಇದ್ದಿಲ್ರಿ. ಈ ವಾರದಾಗ ಬಂದೈತಿ" ಎಂದು ಅವಳು ಕ್ಷೀಣ ದನಿಯಲ್ಲಿ ಹೇಳಿದಳು. ತರುಣ ಹೊರಗೆ ಹೋದಮೇಲೆ ಗಂಡನ ಕೈ ಹಿಡಿದು, "ಬೆಳಿಗ್ಗಿಂದ ಎಲ್ಲಾರೂ ನನ್ನ ಆರಾಮ ಆರಾಮ ಅನ್ನಾಕತ್ತಾರ. ನಂಗ ಅಂಜಿಕಿ ಆಗತೈತ್ರಿ" ಎಂದಳು.

"ಇನ್ನ ಯಾರೂ ಅನ್ನೂದಿಲ್ಲ. ಮುಗೀತ" ಎಂದು ಉತ್ತಮ ಅವಳ ಹಣೆ ಸವರಿದ.

ಮುಗಿದೂ ಇತ್ತು. ಗೇಟಿನ ಎದುರಿನ ಹೋಟೆಲಿಗೆ ತರುಣನನ್ನು ಕರೆದೊಯ್ದು ಉತ್ತಮ ಚಹಾ ಹೇಳಿದ. ಹಿಂದೆ ಹಿಂದೆ ಓಣಿಯವರೂ ಬಂದು ಸುತ್ತ ನಿಂತರು. ತರುಣ ಕಡತವನ್ನು ಚೀಲಕ್ಕೆ ಹಾಕಿದ.

"ಏನೂ ತೊಂದರೆ ಇಲ್ಲ ಸಾರ್. ನಾನು ಸರಿ ಇದೆ ಅಂತ ಕಳಿಸ್ತೀನಿ. ಸಂಜೆಯೊಳಗೆ ಮಂಜೂರಾತಿ ಬರತ್ತೆ."

ಉತ್ತಮನ ಕಣ್ಣ ಮುಂದೆ ಎರಡೂ ಮಗ್ಗಗಳು ಒಟ್ಟಿಗೇ ಸದ್ದು ಮಾಡತೊಡಗಿದವು. ಇಚಲಕರಂಜಿಯ ದಲಾಲನ ಮುಖ ಸಣ್ಣದಾಗಿದ್ದೂ ಕಾಣಿಸಿತು. ಇಷ್ಟು ಸಂತೋಷ ಅವನಿಗೆ ಮಗ್ಗ ಬಂದ ದಿನವೂ ಆಗಿರಲಿಲ್ಲ. ಸುತ್ತ ನಿಂತವರೆಲ್ಲ ತನ್ನ ಈ ಸಂತೋಷವನ್ನೇ ಕಣ್ಣು ಬಿಟ್ಟು ನೋಡುತ್ತಿದ್ದಾರೆ ಎಂಬುದೂ ಅವನಿಗೆ ಗೊತ್ತಾಯಿತು. ಓಣಿಯಲ್ಲಿ ಬೆಳೆದವನಿಗೆ ಅಂಥ ಹೊತ್ತಿನಲ್ಲಿ ಮೈ ತಾನಾಗಿಯೇ ಎಚ್ಚರವಾಗುತ್ತದೆ.

ಆ ಹೊತ್ತಿಗೆ ಸರಿಯಾಗಿ ತರುಣ ಚಹಾ ಗುಟುಕರಿಸುತ್ತ ಪ್ರೀತಿಯಿಂದ ಕೇಳಿದ: "ಪಾಪ, ಆಗಿನಿಂದ ನೋಡ್ತಾನೇ ಇದ್ದೀನಿ, ಒಂದೇ ಸಮ ಓಡಾಡ್ತಿದ್ದೀರ. ನೀವು ಹೇಗಿದ್ದೀರಾ ಸಾರ್? ನಿಮ್ಮ ಆರೋಗ್ಯ?"

ಉತ್ತಮ ನಿಟ್ಟುಸಿರು ಬಿಟ್ಟ.

"ಎಲ್ಲಿ ಆರೋಗ್ಯರಿ ಸಾಹೇಬ್ರ. ಹತ್ತ ವರ್ಷ ಆತು, ಸಕ್ಕರಿ ತಿಂದ ಹಾಕೇತಿ ಮೈಯೆಲ್ಲ."

ಓಣಿಯಲ್ಲಿ ಉತ್ತಮನ ಪಾಲಿನ ನೋವು ಅದು. ಕುಂಟಬೇಕಾಗಿಲ್ಲ, ಸೊಂಟ ಹಿಡಿದುಕೊಳ್ಳಬೇಕಾಗಿಲ್ಲ, ಒಂದು ಶಬ್ದ ಅಂದರೆ ಸಾಕು ಎಂದು ಅವನೇ ಆರಿಸಿಕೊಂಡದ್ದು. ಒಂದು ದಿನವೂ ರಕ್ತ ಕೊಟ್ಟು ನೋಡಿಸಿದವನಲ್ಲ.

ಚಹಾದ ಕಪ್ಪು ತರುಣನ ತುಟಿಯ ಹತ್ತಿರ ನಿಂತಿತು. ಉತ್ತಮ ಮಾತು ತಿದ್ದಲು ಬಾಯಿ ತೆರೆಯುವ ಮೊದಲೇ ಬೆಳಗಿನಿಂದ ತುಟಿ ಹೊಲಿದುಕೊಂಡು ನಿಂತಿದ್ದ ಓಣಿ ಒಮ್ಮೆಲೇ ಬಾಯಿಬಿಟ್ಟಿತು.

"ಹೌದ್ರಿ ಹೌದ್ರಿ, ಭಾಳ ಐತಿ ಇಂವಗ" ಎಂದರು ಬಾಳಾಸಾಬ ಕಾಕಾ. "ರಾತ್ರಿ ನಾಕೈದ ಸಲ ಎದ್ದ ಹೊರಗ ಹೋಗ್ತಾನ್ರಿ. ನಮ್ಮ ನಾಯಿ ಬೊಗಳೂದ ಇಂವಗ."

"ಹೆಂಗ ಇದ್ದ ಆಳರಿ, ಹೆಂಗ ಇಳದಾನ!" ಎಂದ ಭೀಮಗೊಂಡ.

"ಹತ್ತ ಅಲ್ಲ, ಹನ್ನೆರಡ ವರ್ಷ ಆತು" ಎಂದಳು ಹೊಳೆವ್ವ. ಬೆಳಿಗ್ಗೆಯಿಂದ ಆಡಿದ್ದ ಆರಾಮದ ಪಾಪವೆಲ್ಲ ಈಗ ತೊಳೆದು ಹೋಗುತ್ತದೆ ಎಂಬ ಸಮಾಧಾನ ಅವಳ ಮುಖದಲ್ಲಿತ್ತು.

ತರುಣ ಕಪ್ಪನ್ನು ಕೆಳಗಿಟ್ಟ. ಚೀಲದಿಂದ ಕಡತ ಮತ್ತೆ ಹೊರಗೆ ಬಂತು. "ಗಂಡ ಹೆಂಡತಿ ಇಬ್ಬರಿಗೂ ಒಂದೇ ಪಾಲಿಸಿ. ಮಾಡಿಸಿರೋದು ನೀವು. ಯಾವ ಕಾಯಿಲೆನೂ ಇಲ್ಲ ಅಂತ ಸಹಿ ಹಾಕಿದ್ದೀರಿ. ನಿಮ್ಮದೇ ಸುಳ್ಳು ಅಂದ್ರೆ ಪಾಲಿಸಿನೇ ನಿಲ್ಲಲ್ಲ ಸಾರ್."

"ಅಯ್ಯೋ, ಅದು ಮಾತಿಗಿ ಅಂದದ್ದರಿ! ನಂಗ ಯಾವ ಸಕ್ಕರಿನೂ ಇಲ್ಲ. ನಮ್ಮ ಓಣ್ಯಾಗ ಹಂಗ ಅಂತಾರ್ರಿ!"

"ಸುಮ್ಸುಮ್ನೆ ಸಕ್ಕರೆ ಕಾಯಿಲೆ ಇದೆ ಅಂತಾರಾ?"

"ಹೂಂರಿ! ಕೇಳ್ರಿ ಬೇಕಾದ್ರ ಇವರನ್ನ!"

ತರುಣ ಓಣಿಯವರ ಕಡೆ ನೋಡಿದ. ಒಬ್ಬರೂ ಹೂಂ ಅನ್ನಲಿಲ್ಲ. ಹೂಂ ಅಂದರೆ ಉತ್ತಮ ಆರಾಮ ಇದ್ದಾನೆ ಎಂದು ಹೇಳಿದ ಹಾಗೆ. ಹೋಟೆಲಿಗೆ ಬರುವಾಗ ಎಲ್ಲರೂ ಮುಷ್ಟಿಯ ಉಪ್ಪನ್ನು ಚರಂಡಿಗೆ ಚೆಲ್ಲಿ ಬಂದಿದ್ದರು.

ಆದರೂ ತರುಣ ಒಳ್ಳೆಯವನು. ಸ್ವಲ್ಪ ಯೋಚಿಸಿ ಹೇಳಿದ: "ಒಂದು ಕೆಲಸ ಮಾಡೋಣ. ಇಲ್ಲೇ ಲ್ಯಾಬ್ ಇದೆ. ಮೂರು ತಿಂಗಳ ಸಕ್ಕರೆ ತೋರಿಸೋ ಪರೀಕ್ಷೆ ಮಾಡಿಸಿ. ಇಲ್ಲ ಅಂತ ಬಂದ್ರೆ ಈ ಮಾತು ನಾನು ಕೇಳಿಸಿಕೊಂಡೇ ಇಲ್ಲ ಅಂದ್ಕೊಳ್ತೀನಿ."

ಉತ್ತಮ ಹೆಚ್ಚುಕಡಿಮೆ ಕುಣಿಯುತ್ತಲೇ ಹೋದ. ತನಗೆ ಏನೂ ಇಲ್ಲವೆಂಬುದು ಜಗತ್ತಿನಲ್ಲಿ ಅವನಿಗೆ ಒಬ್ಬನಿಗೇ ಗೊತ್ತಿತ್ತು. ಅಂಗಿಯ ತೋಳು ಮಡಚಿ, "ಎಷ್ಟ ಬೇಕಾದ್ರ ರಕ್ತ ತಗೋವಾ" ಎಂದು ಲ್ಯಾಬಿನ ತ್ರಿಶಲಾಳಿಗೆ ಹೇಳಿದ. ಹೊರಗಿನ ಬೆಂಚಿನ ಮೇಲೆ ಕಾಲಮೇಲೆ ಕಾಲು ಹಾಕಿ ಕೂತು ಭೀಮಗೊಂಡ ತಂದಿದ್ದ ಊಟವನ್ನು ಹೊತ್ತು ಮುಳುಗುವುದರೊಳಗೆ ನೆಮ್ಮದಿಯಿಂದ ಉಂಡ. ಮೇಲೆ ಎರಡು ಪೇಢೆಯನ್ನೂ ತಿಂದ. ತರುಣ ಎದುರಿಗೆ ಕೂತು ಕಾದ.

ಸಂಜೆ ತ್ರಿಶಲಾ ರಿಪೋರ್ಟು ಹಿಡಿದು ಬಾಗಿಲಿಗೆ ಬಂದಳು. ಅದನ್ನು ಒಮ್ಮೆ, ಉತ್ತಮನನ್ನು ಒಮ್ಮೆ ನೋಡಿದಳು.

"ಕಾಕಾ, ಸಕ್ಕರಿ ಬಂದ ಎಷ್ಟ ವರ್ಷ ಆತ್ರಿ?"

"ಬಂದಿಲ್ಲವಾ."

"ಬಂದೈತ್ರಿ. ಭಾಳ ಐತಿ. ಹಳೇದು ಕಾಣತೈತಿ. ಗುಳಗಿ ಏನೂ ತಗೊಳ್ಳಾಕತ್ತಿಲ್ಲೇನು?"

ತರುಣ ಎದ್ದು ರಿಪೋರ್ಟನ್ನು ಕೈಗೆ ತೆಗೆದುಕೊಂಡ. ಓದಿದ. ಅದರ ಫೋಟೋ ತೆಗೆದುಕೊಂಡು, "ಹತ್ತು ವರ್ಷ ಅಂತ ನೀವೇ ಹೇಳಿದ್ರಿ ಸಾರ್. ನಾನೇನೂ ಮಾಡೋ ಹಾಗಿಲ್ಲ. ಕ್ಷಮಿಸಿ" ಎಂದು ಹೊರಟ. ಅವನ ದನಿಯಲ್ಲಿ ನಿಜವಾದ ಮರುಕವಿತ್ತು. ಆಚೆ ಕೌಂಟರಿನಲ್ಲಿ ಸೋನಾಲಿ ನಾಳೆಯ ಖರ್ಚಿನ ಚೀಟಿ ತೆಗೆದಳು. ಉತ್ತಮನ ಜೇಬಿನಲ್ಲಿ ಫೋನು ರಿಂಗಾಯಿತು. ಇಚಲಕರಂಜಿಯಿಂದ.

ಉತ್ತಮ ಫೋನನ್ನು ಎತ್ತಲಿಲ್ಲ. ತರುಣನ ಹಿಂದೆ ಗೇಟಿನವರೆಗೆ ಓಡಿದ. ಹುಟ್ಟಿದಾಗಿನಿಂದ ಯಾರ ಮುಂದೆಯೂ ಆಡದಿದ್ದ ಮಾತನ್ನು ನಿಪ್ಪಾಣಿಗೆಲ್ಲ ಕೇಳಿಸುವಂತೆ ಕೂಗಿದ:

"ಸಾಹೇಬ್ರ! ನಾ ಆರಾಮ ಅದೀನ್ರೀ! ನಂಗೇನೂ ಆಗಿಲ್ರೀ! ಗುಂಡಕಲ್ಲಿನಂಗ ಅದೀನ್ರೀ!"

ಹೊಳೆವ್ವ ಗಾಬರಿಬಿದ್ದು ಓಡಿ ಬಂದು ಅವನ ಬಾಯಿಗೆ ತನ್ನ ಸೆರಗನ್ನು ಅಡ್ಡ ಹಿಡಿದಳು.

"ಹಂಗ ಅನಬ್ಯಾಡೊ ತಮ್ಮಾ, ದೃಷ್ಟಿ ಆಗತೈತಿ!"